ಐದನೇ ಮೇಜಿನ ಆರನೆಯವಳು

ವಿಜ್ಞಾನದ ಟೀಚರಿಗೆ ಮಕ್ಕಳು ಇಟ್ಟಿದ್ದ ಅಡ್ಡಹೆಸರು ‘ಗಡಿಯಾರ’. ಗಂಟೆ ಹೊಡೆಯುವ ಹೊತ್ತಿಗೆ ಅವರ ಒಂದು ಕಾಲು ತರಗತಿಯ ಹೊಸ್ತಿಲೊಳಗೆ ಇರುತ್ತಿತ್ತು. ಮುಂದಿನ ಗಂಟೆ ಹೊಡೆಯುವುದರೊಳಗೆ ಬೋರ್ಡಿನ ಮೇಲೆ ಕೊನೆಯ ವಾಕ್ಯಕ್ಕೆ ಚುಕ್ಕೆ ಬಿದ್ದಿರುತ್ತಿತ್ತು. ಇಪ್ಪತ್ತೆರಡು ವರ್ಷ ಹೀಗೇ ಕಳೆದವು. ಮದುವೆಯಾಗಿರಲಿಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ಹೊಲಿಗೆ ಯಂತ್ರದ ಸಮೇತ ಇವರ ಮನೆಗೇ ಬಂದಿದ್ದಳು. ಒಂದು ಕೋಣೆಯಲ್ಲಿ ಯಂತ್ರದ ಸದ್ದು, ಇನ್ನೊಂದರಲ್ಲಿ ತಿದ್ದಬೇಕಾದ ನೋಟ್‌ಬುಕ್ಕುಗಳ ರಾಶಿ. ಇಷ್ಟೇ ಸಂಸಾರ.

ಆ ವರ್ಷ ಒಂಬತ್ತನೇ ತರಗತಿಯಲ್ಲಿ ಹೃದಯದ ಪಾಠ ಮಾಡುವಾಗ ಟೀಚರು ಒಂದು ತಪ್ಪು ಮಾಡಿದರು. ತಲೆನೋವಿತ್ತೋ, ಮನಸ್ಸು ಎಲ್ಲಿತ್ತೋ, ‘ಹೃದಯಕ್ಕೆ ಐದು ಕೋಣೆಗಳಿವೆ’ ಎಂದು ಬರೆದುಬಿಟ್ಟರು. ಮನೆಯಲ್ಲಿ ನೋಟ್‌ಬುಕ್ ತಿದ್ದುವಾಗ ಗೊತ್ತಾಯಿತು. ನಲವತ್ತೇಳು ಮಕ್ಕಳು ಐದು ಎಂದೇ ಬರೆದುಕೊಂಡಿದ್ದರು. ಪಕ್ಕದಲ್ಲೇ ಬಿಡಿಸಿದ ಚಿತ್ರದಲ್ಲಿ ನಾಲ್ಕೇ ಕೋಣೆ. ಎಣಿಸಿ ನೋಡುವಷ್ಟು ಸಂಶಯ ಯಾರಿಗೂ ಬಂದಿರಲಿಲ್ಲ.

ಅಕ್ಕ ನಕ್ಕುಬಿಟ್ಟಳು. “ಹೃದಯಕ್ಕೆ ಬಾಲ ಇದೆ ಅಂತ ಬರೆದಿದ್ರೂ ಬರ್ಕೊಳ್ತಿದ್ವು ಬಿಡೇ.”

ಟೀಚರಿಗೆ ನಗು ಬರಲಿಲ್ಲ. ಇಪ್ಪತ್ತೆರಡು ವರ್ಷ ತಾವು ಪಾಠ ಮಾಡಿದ್ದು ಬರೀ ಬಗ್ಗಿದ ತಲೆಗಳಿಗೆ ಎನಿಸಿತು. ಕೊನೆಗೆ ಉಳಿದಿದ್ದ ಒಂದು ನೋಟ್‌ಬುಕ್ ತೆರೆದರೆ ಅದರಲ್ಲಿ ಮಾತ್ರ ‘ನಾಲ್ಕು’ ಎಂದಿತ್ತು. ಕಿಟಕಿಯ ಪಕ್ಕ ಮೂರನೇ ಬೆಂಚಿನಲ್ಲಿ ಕೂರುವ ಹುಡುಗಿಯದು. ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ ಎನ್ನುವುದಕ್ಕಿಂತ ಹೆಚ್ಚೇನೂ ಆ ಹುಡುಗಿಯ ಬಗ್ಗೆ ಅವರಿಗೆ ತಿಳಿದಿರಲಿಲ್ಲ.

ಮರುದಿನ ಅವಳನ್ನು ಹತ್ತಿರ ಕರೆದು, ತಪ್ಪು ಗೊತ್ತಿದ್ದರೂ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹುಡುಗಿ ಬಾಯಿ ತೆರೆದಳು. “ನಾ… ನಾ…” ಎಂದಳು. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡವು, ಮುಂದಿನ ಅಕ್ಷರ ಬರಲೇ ಇಲ್ಲ. ಆಮೇಲೆ ಸಾಕು ಎನ್ನುವಂತೆ ಸಣ್ಣಗೆ ನಕ್ಕು ತಲೆ ತಗ್ಗಿಸಿದಳು.

ಉಗ್ಗು ಎಂದು ಟೀಚರಿಗೆ ಅರ್ಥವಾಯಿತು. ಅದರ ಜೊತೆಗೇ ತಾವು ಮಾಡಬೇಕಾದ ಕೆಲಸವೂ ಹೊಳೆಯಿತು ಎಂದುಕೊಂಡರು. ಒಬ್ಬರ ಬೆನ್ನು ಒಬ್ಬರು ನೋಡುತ್ತ ಕೂತರೆ ಮಾತು ಹುಟ್ಟುವುದಾದರೂ ಹೇಗೆ? ಮುಖಕ್ಕೆ ಮುಖ ಕೊಟ್ಟು ಕೂರಿಸಬೇಕು. ನಾಲ್ಕು ಜನರ ಜೊತೆ ಬೆರೆತರೆ ಈ ಹುಡುಗಿಯ ನಾಲಿಗೆಯೂ ತಾನಾಗಿ ಸಡಿಲವಾಗುತ್ತದೆ.

ಹೆಡ್‌ಮಾಸ್ಟರು ಮೊದಲು ಒಪ್ಪಲಿಲ್ಲ. “ಬೆಂಚು ತಿರುಗಿಸಿದ್ರೆ ಮಕ್ಕಳ ಬುದ್ಧಿ ತಿರುಗುತ್ತಾ ಮೇಡಂ? ನನ್ನ ತಲೆ ತಿರುಗುತ್ತೆ ಅಷ್ಟೇ,” ಎಂದರು. ಟೀಚರು ಹಿಡಿದ ಪಟ್ಟು ಬಿಡಲಿಲ್ಲ. ಬೆಂಚುಗಳ ಕಾಲನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದರು. ರಜೆಯ ದಿನ ಬಡಗಿ ಬಂದು, ಈ ಬೋಲ್ಟುಗಳಿಗೆ ತನಗಿಂತ ಹೆಚ್ಚು ವಯಸ್ಸಾಗಿದೆ ಎಂದು ಗೊಣಗುತ್ತ, ತುಕ್ಕಿಗೆ ಎಣ್ಣೆ ಬಿಟ್ಟು ಒಂದೊಂದಾಗಿ ಕಿತ್ತ. ಡೆಸ್ಕುಗಳನ್ನು ಎದುರುಬದುರು ಜೋಡಿಸಿ ಎಂಟು ಮೇಜು ಮಾಡಿದರು. ಮೇಜಿಗೆ ಆರು ಮಕ್ಕಳು.

ಮೊದಲ ವಾರ ಸಂತೆಯೋ ಸಂತೆ. ಪಕ್ಕದ ತರಗತಿಯ ಲೆಕ್ಕದ ಮೇಷ್ಟ್ರು ಎರಡು ಸಲ ಬಾಗಿಲಿಗೆ ಬಂದು ನಿಂತು ಹೋದರು. ಎರಡನೇ ವಾರಕ್ಕೆ ಗದ್ದಲಕ್ಕೊಂದು ಹದ ಬಂತು. ಒಬ್ಬರ ನಾಡಿ ಒಬ್ಬರು ಹಿಡಿದು ಎಣಿಸಿದರು, ನಿನ್ನದು ತಪ್ಪು ನನ್ನದು ಸರಿ ಎಂದು ಜಗಳವಾಡಿದರು, ಟೀಚರ ಹೇಳಿಕೆಯನ್ನೂ ಪುಸ್ತಕ ತೆಗೆದು ಪರೀಕ್ಷಿಸಿದರು. ಇನ್ನೆರಡು ನಿಮಿಷ ಇರಲಿ ಎಂದು ಮಕ್ಕಳು ಬೇಡುವಾಗ ಗಡಿಯಾರ ಟೀಚರಿಗೆ ಗಂಟೆ ಹೊಡೆದದ್ದೇ ಕೇಳಿಸುತ್ತಿರಲಿಲ್ಲ. ಮನೆಗೆ ಹೋಗಿ ಅಕ್ಕನ ಮುಂದೆ ಹೇಳಿದ್ದೇ ಹೇಳಿದ್ದು.

ಆಮೇಲೆ ಅವರು ಒಂದು ನಿಯಮ ತಂದರು. ಜೋರು ಬಾಯಿಯವರೇ ಮಾತಾಡಿ ಉಳಿದವರು ಮುದುಡಿಕೊಳ್ಳಬಾರದು. ಹಾಗಾಗಿ ಪ್ರತಿ ಗುರುವಾರ ಎಂಟೂ ಮೇಜಿನ ಆರಾರು ಮಕ್ಕಳೂ ಸರದಿಯಂತೆ ಎದ್ದು, ಮೇಜಿಗೆ ಐದು ನಿಮಿಷದೊಳಗೆ ಆ ವಾರದ ಪಾಠ ಹೇಳಬೇಕು. ಹೇಳಿ ಮುಗಿಸಿದ ಮೇಜಿಗೆ ಗೋಡೆಯ ಹಾಳೆಯಲ್ಲಿ ಒಂದು ನಕ್ಷತ್ರ. ಕಿಟಕಿಯ ಪಕ್ಕದ ಹುಡುಗಿಯನ್ನು ಬೇಕೆಂದೇ ಐದನೇ ಮೇಜಿಗೆ, ತರಗತಿಯ ಚುರುಕು ಮಾತುಗಾರರ ನಡುವೆ ಕೂರಿಸಿದರು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದಲ್ಲ ಎಂಬ ಲೆಕ್ಕ.

ಐವರು ಎರಡು ನಿಮಿಷದಲ್ಲಿ ತಮ್ಮ ಪಾಲು ಮುಗಿಸುತ್ತಿದ್ದರು. ಆರನೆಯವಳು ಏಳುತ್ತಿದ್ದಳು. “ಪ… ಪ…” ತರಗತಿ ಸುಮ್ಮನಾಗುತ್ತಿತ್ತು. ಯಾರೂ ನಗುತ್ತಿರಲಿಲ್ಲ, ನಗಬಾರದೆಂದು ಟೀಚರು ಮೊದಲೇ ಹೇಳಿದ್ದರು. “ನಿಧಾನವಾಗಿ ಹೇಳಮ್ಮ, ನಮಗೇನೂ ಅವಸರ ಇಲ್ಲ,” ಎಂದು ಹತ್ತಿರ ನಿಂತು ಕಾಯುತ್ತಿದ್ದರು. ನಲವತ್ತೇಳು ಮುಖಗಳೂ ಅವಳ ಕಡೆ ತಿರುಗಿ ಕಾಯುತ್ತಿದ್ದವು. ಐದು ನಿಮಿಷ ಆಗಿಹೋಗುತ್ತಿತ್ತು. ನಾಲ್ಕು ವಾರ ಐದನೇ ಮೇಜಿಗೆ ನಕ್ಷತ್ರ ಬರಲಿಲ್ಲ. ಪರವಾಗಿಲ್ಲ, ಮುಂದಿನ ವಾರ ಬರುತ್ತದೆ ಎಂದು ಟೀಚರು ಅವಳ ಬೆನ್ನು ತಟ್ಟುತ್ತಿದ್ದರು.

ಐದನೇ ವಾರ ನಕ್ಷತ್ರ ಬಂತು. ಆರನೆಯ ವಾರವೂ ಬಂತು. ಆ ಎರಡೂ ಗುರುವಾರ ಹುಡುಗಿ ಬಂದಿರಲಿಲ್ಲ. ಮಳೆಗಾಲ, ಜ್ವರವೋ ನೆಗಡಿಯೋ ಇರಬೇಕು ಎಂದುಕೊಂಡ ಟೀಚರು, ಐವರನ್ನೂ ನಿಲ್ಲಿಸಿ, ಒಗ್ಗಟ್ಟು ಅಂದರೆ ಇದು ನೋಡಿ ಎಂದು ಇಡೀ ತರಗತಿಯಿಂದ ಚಪ್ಪಾಳೆ ಹೊಡೆಸಿದರು. ಏಳನೆಯ ವಾರ ಹುಡುಗಿ ಸೋಮವಾರದಿಂದಲೇ ಬರಲಿಲ್ಲ. ಎಂಟನೆಯ ವಾರವೂ ಕಾಣದಿದ್ದಾಗ ಟೀಚರು ಮೇಜಿನ ನಾಯಕಿಯನ್ನು ಕೇಳಿದರು. ಆ ಮಗು ಮುಚ್ಚುಮರೆಯಿಲ್ಲದೆ ಹೇಳಿತು:

“ನಾವು ಬೈಲಿಲ್ಲ ಮೇಡಂ. ಗುರುವಾರ ಒಂದಿನ ಬರಬೇಡ ಅಂತ ಕೇಳ್ಕೊಂಡ್ವಿ ಅಷ್ಟೇ. ಅವಳೂ ಹೂಂ ಅಂತ ತಲೆ ಆಡಿಸಿದ್ಳು.”

ಗದರಲು ಬಾಯಿ ತೆರೆದ ಟೀಚರಿಗೆ ಗೋಡೆಯ ಹಾಳೆಯಲ್ಲಿ ಐದನೇ ಮೇಜಿನ ನಕ್ಷತ್ರಗಳು ಕಂಡವು. ಚಪ್ಪಾಳೆ ಹೊಡೆಸಿದ್ದು ಯಾರು?

ಲಾಂಡ್ರಿ ಇದ್ದದ್ದು ಎರಡು ಬೀದಿ ಆಚೆ. ಒಳಗೆ ಹಬೆ, ಸೋಪಿನ ವಾಸನೆ. ಹುಡುಗಿ ತಾಯಿಯ ಪಕ್ಕ ನಿಂತು ಹಾಸಿಗೆಯ ಚಾದರಗಳನ್ನು ಮಡಿಸುತ್ತಿದ್ದಳು. ಮೂಲೆಗೆ ಮೂಲೆ ಸರಿಯಾಗಿ ಕೂರಿಸಿ, ಅಂಗೈಯಿಂದ ಒತ್ತಿ, ಪೇರಿಸುತ್ತಿದ್ದಳು. ಟೀಚರನ್ನು ಕಂಡು ಎದ್ದ ತಾಯಿ ಇದ್ದ ಒಂದೇ ಸ್ಟೂಲನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಟೀಚರು ಕೂರಲಿಲ್ಲ. ತಪ್ಪು ತಮ್ಮದೇ ಎಂದರು. ಸರದಿಯ ನಿಯಮ ತೆಗೆದುಹಾಕುತ್ತೇನೆ, ಕಿಟಕಿಯ ಪಕ್ಕ ಅವಳಿಗೆ ಮೊದಲಿನ ಹಾಗೇ ಒಂದು ಬೆಂಚು ಹಾಕಿಸುತ್ತೇನೆ, ಮಾತಾಡು ಎಂದು ಯಾರೂ ಕೇಳದ ಹಾಗೆ ನೋಡಿಕೊಳ್ಳುತ್ತೇನೆ ಎಂದರು.

ಹುಡುಗಿ ಮಡಿಸುತ್ತಿದ್ದ ಚಾದರವನ್ನು ಕೆಳಗಿಟ್ಟಳು. ಅವಳು ಆಡಿದ್ದು ನಾಲ್ಕೇ ಮಾತು, ಹಿಡಿದದ್ದು ಬಹಳ ಹೊತ್ತು. ಅಷ್ಟು ಹೊತ್ತೂ ಟೀಚರು ಅವಳ ಮುಖ ನೋಡದೆ ನೆಲ ನೋಡುತ್ತ ನಿಂತರು. ಅವಳು ಹೇಳಿದ್ದು ಇಷ್ಟು:

“ಮೊದಲು ಎದುರಿಗೆ ಬೆನ್ನುಗಳಿದ್ವು ಮೇಡಂ. ಯಾರಿಗೂ ಗೊತ್ತಿರಲಿಲ್ಲ. ಈಗ ಒಬ್ಬಳಿಗೇ ಬೆಂಚು ಹಾಕಿದ್ರೆ, ಯಾಕೆ ಹಾಕಿದ್ದು ಅಂತ ಎಲ್ಲರಿಗೂ ಗೊತ್ತಿರುತ್ತೆ.”

ಬೀದಿಯವರೆಗೂ ಬಂದ ತಾಯಿ ಮೆಲ್ಲಗೆ ಹೇಳಿದಳು. “ನಿಮ್ಮ ಮೇಲೆ ಅವಳಿಗೆ ಸಿಟ್ಟಿಲ್ಲಮ್ಮ. ಸಿಟ್ಟಾದ್ರೂ ಇದ್ದಿದ್ರೆ ಒಂದಿನ ಇಳೀತಿತ್ತು.”

ಟೀಚರು ಇನ್ನೂ ಮೂರು ಸಲ ಹೋದರು. ಬೇರೆ ಶಾಲೆಗೆ ಸೇರಿಸೋಣ ಎಂದರು, ಮನೆಗೇ ಬಂದು ಪಾಠ ಹೇಳುತ್ತೇನೆ ಎಂದರು. ಹುಡುಗಿ ಮೊದಲೆರಡು ಸಲ ಅದೇ ಸಣ್ಣ ನಗು ನಕ್ಕು ಇಲ್ಲವೆಂದು ತಲೆಯಾಡಿಸಿದಳು. ಮೂರನೆಯ ಸಲ ಒಳಗಿನಿಂದ ಹೊರಗೇ ಬರಲಿಲ್ಲ. ಕೊನೆಗೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವ ದಿನ ಬಂತು. ತರಗತಿಯ ಹೊಣೆ ಹೊತ್ತವರು ಇವರೇ ಆದ್ದರಿಂದ ಎಳೆಯಬೇಕಾದವರೂ ಇವರೇ. ಎಳೆದರು.

ಅದೇ ತಿಂಗಳು ಮೇಲಧಿಕಾರಿಗಳು ಶಾಲೆ ನೋಡಲು ಬಂದರು. ಒಂಬತ್ತನೇ ತರಗತಿಯ ಬಾಗಿಲಲ್ಲೇ ನಿಂತುಬಿಟ್ಟರು. ಮಕ್ಕಳು ಪಟಪಟ ಉತ್ತರ ಕೊಟ್ಟರು, ಫೋಟೋ ತೆಗೆದದ್ದಾಯಿತು. ಬೆಂಚು ತಿರುಗಿಸಬೇಕೆಂದು ತಮಗೆ ಮೊದಲಿಂದಲೂ ಇತ್ತು ಎಂದು ಹೆಡ್‌ಮಾಸ್ಟರು ಹೇಳಿಕೊಂಡರು. ಉಳಿದ ತರಗತಿಗಳ ಬೋಲ್ಟುಗಳನ್ನೂ ಬಡಗಿ ಕಿತ್ತ. ಬೇರೆ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡಬೇಕೆಂದು ಟೀಚರಿಗೆ ಆದೇಶ ಬಂತು.

ತರಬೇತಿಯ ದಿನ ಅವರು ನಾಡಿ ಎಣಿಸಿದ ಕಥೆ ಹೇಳಲಿಲ್ಲ. ಹುಡುಗಿಯ ಕಥೆ ಹೇಳಿದರು. ಒಂದನ್ನೂ ಬಿಡಲಿಲ್ಲ, ಚಪ್ಪಾಳೆಯನ್ನೂ. ಎಪ್ಪತ್ತು ಜನ ಶಿಕ್ಷಕರು ಬಗ್ಗಿ ಬರೆದುಕೊಂಡರು. ಏನಾದರೂ ಕೇಳುವುದಿದೆಯೇ ಎಂದು ಟೀಚರು ಕೇಳಿದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಮೇಜಿನ ಎತ್ತರ ಎಷ್ಟಿದ್ದರೆ ಒಳ್ಳೆಯದು ಎಂದು ಕೇಳಿದರು.

ಟೀಚರು ಅಳತೆ ಹೇಳಿದರು.

ಅಂದು ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತರು. ಅಕ್ಕ ಯಂತ್ರ ನಿಲ್ಲಿಸಿ ನೋಡಿದಳು.

“ನಿನ್ನ ಮನಸ್ಸಲ್ಲಿ ಇದ್ದದ್ದು ಒಳ್ಳೇದೇ ಅಲ್ವೇನೇ?”

“ಅವಳೂ ಹಾಗೇ ಅಂದ್ಕೊಂಡಿರ್ತಾಳೆ ಅಕ್ಕ. ಅದಕ್ಕೇ ನಾಲ್ಕು ವಾರ ಎದ್ದು ನಿಂತಳು.”

ಅಕ್ಕ ಎದ್ದು ಬಂದಳು. ತಂಗಿಯ ಕಾಲ ಬಳಿ ಕೂತು ಚಪ್ಪಲಿಯ ಪಟ್ಟಿ ಬಿಚ್ಚಿದಳು.

ನಿವೃತ್ತಿಗೆ ಇನ್ನೂ ಒಂಬತ್ತು ವರ್ಷ ಇತ್ತು, ಅಷ್ಟನ್ನೂ ಟೀಚರು ಪೂರೈಸಿದರು. ಮೇಜುಗಳು ಹಾಗೇ ಇದ್ದವು. ತೆಗೆಯುವ ಅಧಿಕಾರ ಅವರಿಗಿರಲಿಲ್ಲ. ನಕ್ಷತ್ರದ ಹಾಳೆಯನ್ನು ತಾವೇ ಹರಿದರು, ಮುಂದಿನ ವರ್ಷ ಹೆಡ್‌ಮಾಸ್ಟರು ಬಣ್ಣದ ಹಾಳೆ ಅಚ್ಚು ಹಾಕಿಸಿ ಎಲ್ಲ ಕೋಣೆಗೂ ಅಂಟಿಸಿದರು. ಯಾವ ಮಗುವನ್ನೂ ಅವರು ಮತ್ತೆ ಎದ್ದು ನಿಲ್ಲು ಎನ್ನಲಿಲ್ಲ. ಮೌನವಾಗಿದ್ದ ಮಕ್ಕಳನ್ನು ಕಂಡರೆ ಮಾತಾಡಿಸಲೂ ಹೆದರಿಕೆ, ಸುಮ್ಮನೆ ಬಿಡಲೂ ಹೆದರಿಕೆ. ಹೀಗಾಗಿ ಅಂಥವರ ಮೇಜಿನ ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿದರು. ಅದೂ ಸರಿಯಲ್ಲವೆಂದು ಅವರಿಗೇ ಗೊತ್ತಿತ್ತು.

ಹುಡುಗಿ ಲಾಂಡ್ರಿಯಲ್ಲೇ ದೊಡ್ಡವಳಾದಳು. ಬಟ್ಟೆ ಕೊಡುವವರು ಚೀಟಿ ತೋರಿಸುತ್ತಾರೆ, ಅವಳು ಗಂಟು ತೆಗೆದುಕೊಡುತ್ತಾಳೆ. ಅಲ್ಲಿ ಮಾತಿನ ಕೆಲಸವಿಲ್ಲ. ಟೀಚರು ಶಾಲೆಯಿಂದ ಮನೆಗೆ ಹೋಗಲು ಆ ಬೀದಿಯೇ ಹತ್ತಿರ. ಒಂಬತ್ತು ವರ್ಷವೂ ಅವರು ಮಾರುಕಟ್ಟೆಯ ಕಡೆಯಿಂದ ಸುತ್ತು ಹಾಕಿಯೇ ಹೋದರು.