ಹುಣಸೆಹಣ್ಣು ತಿಂದ ನನ್ನ ಸೆಂಟ್ ನಾಣ್ಯ

ನಾಣ್ಯಗಳ ಡಬ್ಬಿ ತೆರೆದವಳೇ ಕಿರುಚಿದೆ. ನಿನ್ನೆಯವರೆಗೆ ಹಳೇ ಬೆಲ್ಲದ ಬಣ್ಣದಲ್ಲಿದ್ದ, ಇನ್ನೂರು ವರ್ಷ ಹಳೆಯ ಅಮೆರಿಕದ ತಾಮ್ರದ ಸೆಂಟ್ ಫಳಫಳ ಹೊಳೆಯುತ್ತಿತ್ತು. ಆ ಕಂದು ಬಣ್ಣ ಕೆಡದೆ ಉಳಿದಿದೆಯೆಂದೇ ಮೆಲ್ಬರ್ನ್‌ನ ನಾಣ್ಯ ವ್ಯಾಪಾರಿಯೊಬ್ಬರು ಅದಕ್ಕೆ ಒಳ್ಳೆಯ ಬೆಲೆ ತರುವ ಗ್ರೇಡ್ ಕೊಟ್ಟಿದ್ದರು.

"ಯಾರ್ರೀ ಇದನ್ನ ಮುಟ್ಟಿದ್ದು?"

ಮೆಲ್ಬರ್ನ್ ಹೊರವಲಯದ ಟ್ರುಗನಿನಾ ಬಡಾವಣೆಯ ನಮ್ಮ ಮನೆಯ ಸಿಂಕ್ ಮುಂದೆ ನಿಂತಿದ್ದ ಗಂಡ ಹೆಮ್ಮೆಯಿಂದ ತಿರುಗಿದರು. ಕೈತುಂಬ ಹುಣಸೆಹಣ್ಣು, ಉಪ್ಪು. "ನಾಳೆ ಹಬ್ಬ, ತಾಮ್ರದ್ದೆಲ್ಲ ತೊಳೆದಿಡಿ ಅಂತ ನೀನೇ ತಾನೇ ಹೇಳಿದ್ದು? ನೋಡು, ಹೊಸದರ ಥರ ಮಾಡಿದೀನಿ!"

ಹೊಸದರ ಥರವಂತೆ! ನಾನು ಹೇಳಿದ್ದು ಚೊಂಬು, ಪಂಚಪಾತ್ರೆ, ಉದ್ಧರಣೆ. ಭೂತಗನ್ನಡಿ ಹಿಡಿದು ನೋಡಿದರೆ ನಾಣ್ಯದ ಮೇಲಿನ ಹೆಂಗಸಿನ ಕೆನ್ನೆ ತುಂಬ ಉಪ್ಪು ಗೀರಿದ ಗೆರೆಗಳು. ಜನರ ಕೈಯಲ್ಲಿ ಓಡಾಡಿ ಸವೆದ ನಾಣ್ಯಕ್ಕೆ ಗ್ರೇಡ್ ಇಳಿಯುತ್ತದೆ, ಅಷ್ಟೇ. ಉಜ್ಜಿ ತೊಳೆದ ತಾಮ್ರವನ್ನು ಬಲ್ಲವರು ಮುಟ್ಟಿಯೂ ನೋಡುವುದಿಲ್ಲ. ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿದ್ದೆ! ಇವರು ಫೋನ್ ನೋಡುತ್ತ "ಹೂಂ, ಹೂಂ" ಎಂದದ್ದೇ ಬಂತು. ಅವರ ಕೈಯಲ್ಲಿದ್ದ ಹುಣಸೆಹಣ್ಣನ್ನು ಕಿತ್ತು ಬಿನ್‌ಗೆ ಎಸೆದೆ. ಚೊಂಬು ಹಾಗೇ ಕಪ್ಪಗೆ ಉಳಿಯಿತು.

ಡಬ್ಬಿಗೆ ಈಗ ಬೀಗ ಬಿದ್ದಿದೆ. ಗ್ರೇಡ್ ಕಳೆದುಕೊಂಡ ನಾಣ್ಯ ದೇವರ ಮನೆ ಸೇರಿದೆ. ಮನೆಗೆ ಬಂದ ಆಂಟಿಯರು "ಎಷ್ಟು ಚೆನ್ನಾಗಿ ಹೊಳೀತಿದೆ, ಏನ್ ಹಾಕಿ ತೊಳೆದ್ರಿ?" ಎಂದು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಉತ್ತರ ಹೇಳಲು ಗಂಡ ಓಡಿಬರುತ್ತಾರೆ.