ಹೆಗಲಿಗಾಗಿ ಓಡಿದ ಬೀದಿಗಳು

ಅಪ್ಪ ತೀರಿಕೊಂಡ ದಿನ ಮನೆ ಮುಂದೆ ನಿಂತಿದ್ದ ಜನರನ್ನು ನೋಡಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಾವು ಯಲಹಂಕಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದವು. ನಾನು ಅಕ್ಷರ ಕಲಿತದ್ದು ಇಲ್ಲಿ, ಈಜು ಕಲಿತದ್ದು ಅಲ್ಲಾಳಸಂದ್ರದ ಕೆರೆಯಲ್ಲಿ, ಅಪ್ಪ ದುಡಿಯುತ್ತಿದ್ದ ಕಾರ್ಖಾನೆಗೇ ಸೇರಿದ್ದೂ ಇಲ್ಲಿಂದಲೇ. ಆದರೂ ಅಪ್ಪನ ಸುತ್ತ ಇದ್ದವರು ಪಕ್ಕದ ಮನೆಯ ಗಂಡ ಹೆಂಡತಿ, ಬಾಡಿಗೆ ಮನೆಯ ಮಾಲೀಕರು, ಮತ್ತೆ ಅವ್ವ ಹಾಗೂ ನಾನು. ಮಾಲೀಕರು ಆಗಾಗ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ನಾವು ಧಾರವಾಡದ ಕಡೆಯವರು. ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಬಿದಿರಿನಿಂದ ಪಲ್ಲಕ್ಕಿಯಂಥ ವಿಮಾನ ಕಟ್ಟಿ, ಅದರೊಳಗೆ ಕೂರಿಸಿಕೊಂಡೇ ಬೀದಿ ಬೀದಿ ಹೊತ್ತು ಸಾಗುತ್ತಾರೆ. ಬದುಕಿದ್ದಾಗ ಕಟ್ಟೆಯ ಮೇಲೆ ಕೂತು ಊರು ನೋಡುತ್ತಿದ್ದ ಹಾಗೆಯೇ ಕೊನೆಯ ಸಲವೂ ನೋಡಿಕೊಂಡು ಹೋಗಲಿ ಎಂದಿರಬೇಕು. ಅದಕ್ಕೆ ನಾಲ್ಕು ಹೆಗಲು ಸಾಲುವುದಿಲ್ಲ. ಹೆಗಲು ಬದಲಿಸಲು ಹಿಂದೆ ಮುಂದೆ ಜನ ಬೇಕು. ನಮಗೆ ಜನ ಎಲ್ಲಿಂದ ಬರಬೇಕು? ಮಧ್ಯಾಹ್ನ ಶಿಫ್ಟು ಬಿಟ್ಟ ಮೇಲೆ ಕಾರ್ಖಾನೆಯ ಕೆಲವರು ವ್ಯಾನು ತಂದರು. ಅದರಲ್ಲಿ ಅಪ್ಪನನ್ನು ಸಾಮಾನು ಇಟ್ಟ ಹಾಗೆ ಮಲಗಿಸಿ ಒಯ್ದೆವು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ಅವ್ವ ಜೋಳದ ಹಿಟ್ಟು ನಾದುತ್ತಾ ಹೇಳಿದಳು: "ನಮ್ಮೂರಾಗ ಆಗಿದ್ರ ಓಣಿ ತುಂಬ ಮಂದಿ ನೆರೀತಿತ್ತು. ಇಲ್ಲೆ ನಮ್ಮನ್ನ ಯಾರ್ ಕೇಳ್ತಾರ? ನಾ ಸತ್ರ ಊರಿಗೆ ಒಯ್ದುಬಿಡಪಾ."

ಊರಿನಲ್ಲಿ ನಮ್ಮದೆನ್ನುವುದು ಏನೂ ಉಳಿದಿರಲಿಲ್ಲ. ಅದನ್ನು ಹೇಳಿದರೆ ಅವಳು ಇನ್ನಷ್ಟು ಕುಗ್ಗುತ್ತಾಳೆ ಎಂದು ನಾನು ಜಂಬ ಕೊಚ್ಚಿದೆ: "ಊರಿಗ್ಯಾಕ? ಇಲ್ಲೇ ಮಂದಿ ಮಾಡ್ತೀನಿ ನೋಡು. ನಿನ್ನ ಕೂಡಿಸ್ಕೊಂಡು ಪೇಟೆ ಬೀದ್ಯಾಗ ಮೆರವಣಿಗಿ ಮಾಡಿ ಒಯ್ತೀನಿ."

"ಹುಚ್ಚಪ್ಪ," ಎಂದು ಅವಳು ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗುವಿನಿಂದಾಗಿ ತಮಾಷೆಗೆ ಆಡಿದ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಮಂದಿ ಮಾಡುವುದು ಹೇಗೆ? ನನಗೆ ಮಾತು ಬರುವುದಿಲ್ಲ. ಬಾಯಿ ತೆರೆದರೆ ಮನೆಯ ಭಾಷೆ ಹೊರಬೀಳುತ್ತದೆ, ಇಲ್ಲಿಯವರು ಮುಸಿಮುಸಿ ನಗುತ್ತಾರೆ ಎನ್ನುವ ಅಳುಕು ಶಾಲೆಯ ದಿನಗಳಿಂದಲೇ ಇತ್ತು. ನನಗೆ ಬರುತ್ತಿದ್ದದ್ದು ಒಂದೇ, ಓಟ. ಕಾರ್ಖಾನೆಯ ಆಟೋಟದಲ್ಲಿ ದೂರದ ಓಟಕ್ಕೆ ಒಂದು ಪ್ಲಾಸ್ಟಿಕ್ ಬಕೆಟ್ ಗೆದ್ದಿದ್ದೆ. ಅವ್ವ ಅದರಲ್ಲಿ ಬಟ್ಟೆ ನೆನೆಸುತ್ತಿದ್ದಳು. ಕಾರ್ಖಾನೆಯ ಬಸ್ಸು ಬರುವ ಮೊದಲು ದಿನವೂ ಓಡುವುದು, ಯಲಹಂಕದ ಒಂದು ಬೀದಿಯನ್ನೂ ಬಿಡದೆ ಓಡುವುದು ಎಂದು ತೀರ್ಮಾನಿಸಿದೆ. ಎಲ್ಲರ ಬಾಗಿಲ ಮುಂದೆ ಹಾದುಹೋದವನನ್ನು ಊರು ಗೊತ್ತಿಲ್ಲ ಅನ್ನಲಾದೀತೇ?

ಮೊದಮೊದಲು ನನ್ನನ್ನು ಗುರುತು ಹಿಡಿದದ್ದು ನಾಯಿಗಳು. ಹಳೇ ಪೇಟೆಯ ಸಂದಿಗಳಲ್ಲಿ ಒಂದು ಗುಂಪಿನಿಂದ ತಪ್ಪಿಸಿಕೊಂಡರೆ ಇನ್ನೊಂದರ ಗಡಿ ಶುರುವಾಗುತ್ತಿತ್ತು. ಆ ಕಾಲದಲ್ಲಿ ದೊಡ್ಡವರು ಕಾರಣವಿಲ್ಲದೆ ಓಡುತ್ತಿರಲಿಲ್ಲ. ಹಾಲಿನ ಬೂತಿನ ಸಾಲಿನಲ್ಲಿ ನಿಂತವರು "ಪೊಲೀಸ್ ಸೆಲೆಕ್ಷನ್ನಾ ಸಾರ್?" ಎನ್ನುತ್ತಿದ್ದರು. "ಸಕ್ಕರೆ ಕಾಯಿಲೆ ಇರ್ಬೇಕು ಕಣೋ, ಪಾಪ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದೂ ಕಿವಿಗೆ ಬಿತ್ತು. ಪೇಟೆ ಬೀದಿಯ ತುದಿಯಲ್ಲಿ, ಹೆಂಚಿನ ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದ ಒಬ್ಬ ತಾತ ಮಾತ್ರ ನೇರವಾಗಿ ಕೇಳಿದರು: "ಯಾಕಪ್ಪಾ ಇಂಗೆ ಓಡ್ತೀಯ? ಯಾರ್ ಅಟ್ಟಿಸ್ಕೊಂಡ್ ಬತ್ತಾವ್ರೆ?"

ನಾನು ನಕ್ಕು ಕೈಯೆತ್ತಿ ಮುಂದೆ ಓಡಿದೆ. ಅಲ್ಲಿಂದ ಅದೇ ನಮ್ಮಿಬ್ಬರ ರೂಢಿಯಾಯಿತು. ಅವರು ಏನಾದರೂ ಕೇಳುವುದು, ನಾನು ಕೈಯೆತ್ತುವುದು. ದಿನಕ್ಕೊಂದು ಹೊಸ ಬೀದಿ ಹಿಡಿದರೂ ವಾಪಸಾಗುವಾಗ ಪೇಟೆ ಬೀದಿಯನ್ನು ಹಾದೇ ಬರುತ್ತಿದ್ದೆ, ಅವರಿಗಾಗಿ.

ಹೀಗೆ ತಿಂಗಳುಗಳು ಉರುಳಿದವು. ಬೀದಿ ನಲ್ಲಿಯ ಹೆಂಗಸರು ನನ್ನನ್ನು ದೂರದಿಂದ ಕಂಡೇ ಸಾಲಿನ ಕೊಡಗಳನ್ನು ಕಾಲಿನಿಂದ ಒತ್ತಿ ದಾರಿ ಮಾಡಿಕೊಡತೊಡಗಿದರು. ಬೂತಿನವರು "ಏನ್ ಗುರು, ಇವತ್ತು ಲೇಟು?" ಅನ್ನತೊಡಗಿದರು. ದ್ರಾಕ್ಷಿ ತೋಟದ ಕಾವಲುಗಾರ ಬೇಲಿಯಾಚೆಯಿಂದ ಸಲಾಮು ಹೊಡೆಯುತ್ತಿದ್ದ. ನಾನು ಎಲ್ಲರಿಗೂ ಕೈಯೆತ್ತುತ್ತಿದ್ದೆ. ಎದೆ ತುಂಬಿ ಬರುತ್ತಿತ್ತು. ಮನೆಗೆ ಬಂದು ಅವ್ವನಿಗೆ ಒಬ್ಬೊಬ್ಬರ ವಿಷಯವನ್ನೂ ಹೇಳುತ್ತಿದ್ದೆ.

ಅವ್ವ ಎಲ್ಲ ಕೇಳಿ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ನಿನ್ನ ಹೆಸರು ಗೊತ್ತೈತೇನು ಅವರಿಗೆ?" ಎಂದಳು.

"ಹೆಸರು ಬ್ಯಾಡ ಯವ್ವಾ, ಮಾರಿ ನೋಡಿ ಗುರುತ ಹಿಡೀತಾರ," ಎಂದೆ. ಅವಳು ತಟ್ಟಿದ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿದಳು.

ಅಷ್ಟರಲ್ಲಿ ಊರೂ ನನ್ನ ಜೊತೆ ಓಡತೊಡಗಿತ್ತು. ಹಳೇ ಪೇಟೆ ಮುಗಿಯಿತು ಎನ್ನುವಾಗ ಉಪನಗರದ ಸೈಟುಗಳಲ್ಲಿ ಸಾಲು ಮನೆಗಳು ಎದ್ದವು. ಕೊಡಿಗೇಹಳ್ಳಿ ಕಡೆಗೆ ಹೊಲದ ನಡುವೆ ಕಲ್ಲು ನೆಟ್ಟು ರಸ್ತೆ ಎಂದು ಕರೆದರು. ನಾನು ಮುಗಿಸಿದ ಬೀದಿಗಳಲ್ಲಿ ಹಳಬರು ಮನೆ ಖಾಲಿ ಮಾಡಿ ಹೊಸಬರು ಬಂದರು. ಅವರು ನನ್ನನ್ನು ಮತ್ತೆ ಮೊದಲಿನಿಂದ ಕಳ್ಳನನ್ನು ನೋಡಿದಂತೆ ನೋಡಿದರು. ನಮ್ಮ ಪಕ್ಕದ ಮನೆಯ ಗಂಡ ಹೆಂಡತಿಯೂ ವರ್ಗವಾಗಿ ಹೋದರು. ರೈಲ್ವೆ ಹಳಿಯ ಹಿಂದಿನ ಕೊನೆಯ ಸಂದಿಯನ್ನು ಮುಗಿಸಿದ ದಿನ ಏನೋ ಆಗುತ್ತದೆ ಎಂದು ಕಾದಿದ್ದೆ. ಸಂದಿಯ ಕೊನೆಯಲ್ಲಿ ಒಂದು ಎಮ್ಮೆ ಕಟ್ಟಿತ್ತು. ಅದನ್ನು ನೋಡಿ, ತಿರುಗಿ ಮನೆಗೆ ಬಂದೆ.

ಆ ಮಳೆಗಾಲದಲ್ಲಿ ಅವ್ವ ಹಾಸಿಗೆ ಹಿಡಿದಳು. ಊರಿಗೆ ಒಯ್ಯಿ ಎಂದು ಮತ್ತೆ ಕೇಳಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ನನ್ನ ಮಾತನ್ನು ಅವಳು ನಂಬಿಬಿಟ್ಟಿದ್ದಾಳೆ ಎಂದುಕೊಂಡೆ.

ಅವಳು ಹೋದದ್ದು ಬೆಳಕು ಹರಿಯುವಾಗ. ನಾನು ಓಡಲು ಹೊರಟು ಕ್ಯಾನ್ವಾಸ್ ಷೂಗಳ ಲೇಸು ಕಟ್ಟುತ್ತಿದ್ದೆ. ಅವಳು ಒಮ್ಮೆ ನನ್ನ ಕಡೆ ತಿರುಗಿದಳು, ಆಮೇಲೆ ತಿರುಗಲಿಲ್ಲ. ಹೊಸದಾಗಿ ಬಂದಿದ್ದ ಪಕ್ಕದ ಮನೆಯಾಕೆಯನ್ನು ಅವಳ ಬಳಿ ಕೂರಿಸಿ, ಹಾಕಿದ್ದ ಷೂಗಳಲ್ಲೇ ಬೀದಿಗೆ ಓಡಿದೆ. ಸಾವಿನ ಸುದ್ದಿ ಹೇಳಲು ಯಾರಾದರೂ ಓಡಲೇಬೇಕು. ನಮ್ಮ ಮನೆಯಲ್ಲಿ ಉಳಿದಿದ್ದವನು ನಾನೊಬ್ಬನೇ.

ನಲ್ಲಿಯ ಹತ್ತಿರದ ಹೆಂಗಸರು ನನ್ನನ್ನು ಕಂಡು ಕೊಡಗಳನ್ನು ಒತ್ತಿ ದಾರಿ ಬಿಟ್ಟರು. ಬೂತಿನ ಸಾಲಿನಿಂದ "ಏನ್ ಗುರು, ಇವತ್ತು ಸ್ಪೀಡು!" ಎಂಬ ಕೂಗು ಬಂತು. ನಿಂತು ಕರೆಯೋಣವೆಂದರೆ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಬಾಯಿ ತೆರೆಯಲು ಆ ಹಳೆಯ ಅಳುಕು ಬಿಡಲಿಲ್ಲ. ನಾನು ಅಳುತ್ತಿದ್ದೆ. ಬೆವರು ಎಂದುಕೊಂಡರೇನೋ, ನಕ್ಕು ಕೈಯೆತ್ತಿದರು. ಬೀದಿಯಿಂದ ಬೀದಿಗೆ ಅದೇ ಆಯಿತು. ಓಡುವವನು ಓಡುತ್ತಿದ್ದಾನೆ, ಅದರಲ್ಲಿ ಸುದ್ದಿ ಏನಿದೆ?

ಕೊನೆಗೆ ಪೇಟೆ ಬೀದಿಯ ತಾತನ ಕಟ್ಟೆಯ ಮುಂದೆ ನಿಂತೆ. ಅವರು ಗಾಬರಿಯಾದರು. ಅದುವರೆಗೆ ನಾನು ನಿಂತದ್ದನ್ನು ಅವರು ನೋಡಿರಲೇ ಇಲ್ಲ.

"ನಮ್ಮವ್ವ ಹೋಗ್ಬಿಟ್ರು ತಾತಾ," ಎಂದೆ.

"ಅಯ್ಯೋ ಸಿವನೇ," ಎಂದು ಅವರು ಕಂಬಳಿ ಸರಿಸಿ ನನ್ನ ಕೈ ಹಿಡಿದರು. "ಯಾವೂರಲ್ಲಪ್ಪಾ?"

"ಇಲ್ಲೇ ತಾತಾ. ಯಲಹಂಕದಲ್ಲೇ."

"ಇಲ್ಲೇನಾ? ನಿಮ್ ಮನೆ ಇಲ್ಲೇ ಐತಾ? ಯಾವ್ದು ಮನೆ? ನಿನ್ನ ಏನಂತಾರಪ್ಪಾ?"

ರೈಲ್ವೆ ಗೇಟಿನ ಹತ್ತಿರದ ವಠಾರ ಎಂದೆ, ಹೆಸರು ಹೇಳಿದೆ, ಅಪ್ಪನ ಹೆಸರನ್ನೂ ಹೇಳಿದೆ. ಅವರು ಒಂದೊಂದಕ್ಕೂ ತಲೆಯಾಡಿಸಿ, ಯಾವುದೂ ಗುರುತಿಗೆ ಸಿಗದೆ ನನ್ನ ಮುಖವನ್ನೇ ನೋಡಿದರು. "ಬತ್ತೀನಿ ಓಗಪ್ಪಾ," ಎಂದರು. ಬಂದರೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದಿದ್ದರೂ ಆ ವಠಾರಗಳ ಸಾಲಿನಲ್ಲಿ ಮನೆ ಸಿಕ್ಕಿರಲಾರದು.

ಬಿದಿರು ತರಿಸಲಿಲ್ಲ. ಹೊರುವವರಿಲ್ಲದ ವಿಮಾನ ಕಟ್ಟಿ ಏನು ಮಾಡುವುದು? ಶಿಫ್ಟು ಬಿಟ್ಟ ಮೇಲೆ ಅದೇ ಕಾರ್ಖಾನೆಯವರು, ಅಂಥದ್ದೇ ವ್ಯಾನು ತಂದರು. ಅಪ್ಪನನ್ನು ಒಯ್ದ ಹಾಗೆ ಅವ್ವನನ್ನೂ ಮಲಗಿಸಿಯೇ ಒಯ್ದೆವು. ಪೇಟೆ ಬೀದಿಯ ಮೇಲೆ ಹೋಗು ಎಂದು ಡ್ರೈವರನಿಗೆ ಹೇಳಿದೆ. ಅಷ್ಟಾದರೂ ಆಗಲಿ ಎಂದು.

ನಲ್ಲಿಯಲ್ಲಿ ಸಂಜೆಯ ನೀರು ಬಿಟ್ಟಿದ್ದರು. ವ್ಯಾನಿಗೆ ದಾರಿ ಮಾಡಲು ಹೆಂಗಸರು ಕೊಡಗಳನ್ನು ಒತ್ತಿದರು, ಬೆಳಿಗ್ಗೆ ನನಗೆ ಒತ್ತಿದ ಹಾಗೆಯೇ. ಕಿಟಕಿಯ ಪಕ್ಕ ಕೂತಿದ್ದ ನಾನು ಅಭ್ಯಾಸಬಲದಿಂದ ಕೈಯೆತ್ತಿದೆ. ಒಬ್ಬಾಕೆ ಇವರು ಯಾರು ಎನ್ನುವಂತೆ ಬಗ್ಗಿ ನೋಡಿದಳು. ಓಡುವವನನ್ನು ಬಿಟ್ಟರೆ ಕೂತವನನ್ನು ಅವಳು ಎಂದೂ ನೋಡಿರಲಿಲ್ಲ. ಗುರುತು ಹತ್ತದೆ, ಕೊಡವನ್ನು ಮತ್ತೆ ನಲ್ಲಿಯ ಕೆಳಗೆ ಇಟ್ಟಳು.