ಎರಡು ಬೆಳೆಗಳ ನಡುವೆ ಪಾಂಡಿಚೇರಿ

ನಮ್ಮ ಮನೆಯಲ್ಲಿ ಪ್ರವಾಸಕ್ಕೆ ಪಂಚಾಂಗ ನೋಡುವುದಿಲ್ಲ, ರೇಷ್ಮೆಹುಳು ನೋಡುತ್ತೇವೆ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಕಳಿಸಿ, ಹುಳು ಮನೆ ತೊಳೆದು ಔಷಧಿ ಹೊಡೆದು ಬಾಗಿಲು ಹಾಕಿದ ಮೇಲೆ, ಮುಂದಿನ ಮರಿ ಬರುವ ತನಕ ನಾಲ್ಕೈದು ದಿನ ಬಿಡುವು. ಅದರಲ್ಲಿ ಎರಡು ದಿನ ನನ್ನದು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಯಾವುದಾದರೂ ನಗರಕ್ಕೆ ಹೋಗುತ್ತೇನೆ. ಕೊಚ್ಚಿಯ ಗೋದಾಮಿನ ಬಾಗಿಲುಗಳು, ಹೈದರಾಬಾದಿನ ಹಳೇ ಕಿಟಕಿಗಳು, ಹೀಗೆ ಸಿಕ್ಕಿದ್ದನ್ನು ತಂದು ದೊಡ್ಡದಾಗಿ ಪ್ರಿಂಟು ಹಾಕಿಸುತ್ತೇನೆ. ಚಿಕ್ಕಬಳ್ಳಾಪುರದ ಸುತ್ತ ಈಚೆಗೆ ಎದ್ದಿರುವ ರೆಸಾರ್ಟಿನವರು ಕೊಳ್ಳುತ್ತಾರೆ.

"ನಮ್ಮೂರಲ್ಲಿರೋ ಬಾಗಿಲು ಸಾಲಲ್ವಾ ನಿಂಗೆ?" ಎಂದು ನನ್ನ ಗಂಡ ರೇಗಿಸುತ್ತಾನೆ. ನಮ್ಮೂರಿನ ಬಾಗಿಲು ನೋಡಿ ನೋಡಿ ಕಣ್ಣಿಗೆ ಬೀಳುವುದೇ ಇಲ್ಲ, ಹೊರಗೆ ಹೋದರೇ ಕಣ್ಣು ತೆರೆಯುವುದು ಎನ್ನುವುದು ನನ್ನ ವಾದ.

ಅತ್ತೆ ಮಾತ್ರ ಎಲ್ಲೂ ಹೋದವರಲ್ಲ. ಮದುವೆಯಾಗಿ ಸಾದಲಿ ಕಡೆಯ ಈ ಊರಿಗೆ ಬಂದಾಗಿನಿಂದ ಹುಳಕ್ಕೆ ಸೊಪ್ಪು ಹಾಕಿದ್ದೇ ಹಾಕಿದ್ದು. ಬಿಡುವು ಸಿಕ್ಕರೆ ಹಸು, ತೋಟ. ಹೋದ ವರ್ಷ ಕೊಚ್ಚಿಯ ಪ್ರಿಂಟೊಂದನ್ನು ಕೈಯಲ್ಲಿ ಹಿಡಿದು ಕೇಳಿದರು: "ಇಲ್ಲಿ ಪಕ್ಕದಲ್ಲೇ ಸಮುದ್ರ ಅಲ್ವಾ? ಇನ್ನೊಂದ್ಸಲ ಅಂಥ ಊರಿಗೆ ಹೋದ್ರೆ ನನ್ನೂ ಕರ್ಕೊಂಡೋಗಮ್ಮ. ಕಾಲು ನೆನೆಸ್ಬೇಕು."

ಅವರು ನನ್ನಿಂದ ಏನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಮುಂದಿನ ಬಿಡುವಿಗೆ ಇಬ್ಬರೂ ಪಾಂಡಿಚೇರಿ ಬಸ್ಸು ಹತ್ತಿದೆವು.

ತಲುಪಿದಾಗ ಸಂಜೆ ನಾಲ್ಕು. ಹಳದಿ ಗೋಡೆಗಳ ಮೇಲೆ ಬಿಸಿಲು ಓರೆಯಾಗಿ ಬಿದ್ದಿತ್ತು. ಅಂಥ ಬೆಳಕು ಸಿಕ್ಕರೆ ನನಗೆ ಊಟವೂ ಬೇಡ, ನೆಂಟರೂ ಬೇಡ. ಗಾಳಿ ಬಂದಾಗ ತೂರಿಕೊಳ್ಳಬೇಕಲ್ಲ. "ಅತ್ತೆ, ಇದೊಂದು ಬೀದಿ, ಆಮೇಲೆ ಸಮುದ್ರ," ಎಂದೆ. ಒಂದು ಬೀದಿ ನಾಲ್ಕಾಯಿತು. ಅತ್ತೆ ಚೀಲ ಹಿಡಿದು ಹಿಂದೆಯೇ ಬಂದರು. ಒಂದು ಕಡೆ ಅವರ ನೆರಳು ನಾನು ತೆಗೆಯುತ್ತಿದ್ದ ಗೋಡೆಯ ಮೇಲೆ ಬಿತ್ತು. "ಸ್ವಲ್ಪ ಪಕ್ಕಕ್ಕೆ ಹೋಗಿ ಅತ್ತೆ, ಎಷ್ಟು ಸಲ ಹೇಳೋದು?" ಎಂದು ಸಿಡುಕಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅತ್ತೆಯೂ ಕಡಿಮೆಯವರಲ್ಲ. ಚಿಂತಾಮಣಿ ಕಡೆಯವರು, ಕೋಪ ಬಂದರೆ ತೆಲುಗಿನಲ್ಲಿ ಝಾಡಿಸುತ್ತಾರೆ. ಅಂದು ಮಾತ್ರ ಚೀಲ ಎತ್ತಿಕೊಂಡು ಪಕ್ಕಕ್ಕೆ ಸರಿದು ನಿಂತರು. ನನ್ನ ಕೆಲಸ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. "ಬೆಳಿಗ್ಗೆ ಹೋಗಣ ಬಿಡಮ್ಮ," ಎಂದು ಅವರೇ ಹೇಳಿದರು.

ಬೆಳಿಗ್ಗೆ ಲಾಡ್ಜಿನಲ್ಲಿ ನಾನು ಎದ್ದಾಗ ಅತ್ತೆ ಮಂಚದ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತು, ಇಳಿದ ಮೇಲೆ ನನ್ನ ಹಿಂದೆ ಬೀದಿ ಬೀದಿ ಅಲೆದು, ಎರಡೂ ಪಾದ ಊದಿದ್ದವು. ಚಪ್ಪಲಿಯೊಳಕ್ಕೆ ಹೋಗುತ್ತಿರಲಿಲ್ಲ.

"ನೀನು ಹೋಗಿ ಫೋಟೋ ತಕ್ಕೊಂಬಾರಮ್ಮ, ಮಧ್ಯಾಹ್ನಕ್ಕೆ ಬಸ್ಸಿದೆ. ಸಮುದ್ರ ಎಲ್ಲೋಗತ್ತೆ?" ಎಂದರು.

ಸಮುದ್ರ ಎಲ್ಲೂ ಹೋಗುವುದಿಲ್ಲ, ನಿಜ. ಆದರೆ ಅತ್ತೆ ಮತ್ತೊಮ್ಮೆ ಮನೆ ಬಿಟ್ಟು ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಗೋಡೆಗಳಿಗಾಗಿ ಅವರನ್ನು ಅಷ್ಟು ನಡೆಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕ್ಯಾಮೆರಾ ರೂಮಿನಲ್ಲೇ ಬಿಟ್ಟು ಆಟೋ ಕರೆತಂದೆ. ಡ್ರೈವರು ಮರಳಿರುವ ಕಡೆ ಇಳಿಸಿದ. ಅತ್ತೆಯ ಸೊಂಟ ಬಳಸಿ ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ನೀರಿನ ತನಕ ನಡೆಸಿದೆ. ಅಲೆ ಬಂದು ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳು ಜಾರಿತು. ಅತ್ತೆ ಗಾಬರಿಯಿಂದ ನನ್ನ ಮೇಲೆ ಒರಗಿದರು. ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ಎರಡನೇ ಅಲೆಗೆ ಅವರಿಗೆ ನಗು ಬಂತು. ಅವರು ಅಷ್ಟು ಹೊತ್ತು ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತಣ್ಣೀರಿಗೆ ಕಾಲಿನ ನೋವೂ ಇಳಿಯಿತಂತೆ.

ಪಾಂಡಿಚೇರಿಯ ಗೋಡೆಗಳು ಚೆನ್ನಾಗಿಯೇ ಬಂದವು. ಆರು ಪ್ರಿಂಟು ಹಾಕಿಸಿ ಹಜಾರದಲ್ಲಿ ಹರಡಿದ್ದಾಗ ಪಕ್ಕದ ಮನೆಯಾಕೆ ಬಂದಳು. ಒಂದೊಂದನ್ನೂ ನೋಡಿ ಅತ್ತೆಯನ್ನು ಕೇಳಿದಳು: "ಬರೀ ಗೋಡೆಗಳೇ ಐತಲ್ಲಕ್ಕ. ನೀವು ಸಮುದ್ರದಾಗೆ ನಿಂತಿದ್ದು ಎಲ್ಲಿ?"

ನಾನು ಪ್ರಿಂಟುಗಳನ್ನು ಒಟ್ಟು ಮಾಡತೊಡಗಿದೆ.

"ಅದನ್ನ ತೆಗೀಲಿಲ್ಲಮ್ಮ," ಎಂದರು ಅತ್ತೆ. "ಅವಳ ಎರಡು ಕೈಯಲ್ಲೂ ನಾನೇ ಇದ್ನಲ್ಲ."